ಕಂಬಳಿಯ ಮೇಲೊಂದು ಪಿಟೀಲು

ಶುಕ್ರವಾರ, ಸಂಜೆ ಆರೂವರೆ. ಇದು ಅಮೆರಿಕದ ವರ್ಜೀನಿಯಾ ರಾಜ್ಯದ ಫ್ಲಾಯ್ಡ್, ಬ್ಲೂ ರಿಡ್ಜ್ ಬೆಟ್ಟಗಳ ಮೇಲಿನ ಪುಟ್ಟ ಊರು. ಇಡೀ ಕೌಂಟಿಗೆ ಇರುವುದು ಒಂದೇ ಟ್ರಾಫಿಕ್ ಸಿಗ್ನಲ್. ನನ್ನ ಕ್ಯಾಮೆರಾದಲ್ಲಿ ನೀವೀಗ ನೋಡುತ್ತಿರುವುದು ಅದೇ. ಕೆಂಪಾದರೂ ಹಸಿರಾದರೂ ಇಲ್ಲಿ ಯಾರಿಗೂ ಅವಸರವಿಲ್ಲ. ರೋನೋಕ್‌ನಿಂದ ಸುಮಾರು ಒಂದು ಗಂಟೆ ಕಾರು ಓಡಿಸಿಕೊಂಡು ಬಂದಿದ್ದೇನೆ. ಹಿಂದಿನ ಸೀಟಿನಲ್ಲಿ ಪಿಟೀಲಿನ ಪೆಟ್ಟಿಗೆ, ಪಕ್ಕದಲ್ಲಿ ಒಂದು ಡಬ್ಬಿ ಕೋಡುಬಳೆ.

ಅದೋ, ಫ್ಲಾಯ್ಡ್ ಕಂಟ್ರಿ ಸ್ಟೋರ್. ಶುಕ್ರವಾರ ಒಳಗೆ ಜಾಂಬೊರಿ ನಡೆಯುತ್ತದೆ: ವೇದಿಕೆ, ವಾದ್ಯಮೇಳ, ಮರದ ನೆಲದ ಮೇಲೆ ಪಾದ ಕುಟ್ಟಿ ಕುಣಿಯುವ ಜನ. ಚೆನ್ನಾಗಿರುತ್ತದೆ. ಆದರೆ ನನ್ನ ಶುಕ್ರವಾರ ಇರುವುದು ಹೊರಗೆ, ಫುಟ್‌ಪಾತಿನ ಮೇಲೆ. ಚಳಿ ಕಳೆದರೆ ಸಾಕು, ಬೀದಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಗುಂಪು ಕಟ್ಟಿಕೊಂಡು ಜನ ನುಡಿಸಲು ನಿಲ್ಲುತ್ತಾರೆ. ಇದಕ್ಕೆ ಜ್ಯಾಮ್ ಎನ್ನುತ್ತಾರೆ. ಕರೆಯುವವರು ಇಲ್ಲ, ಪಟ್ಟಿ ಇಲ್ಲ, ಮೈಕ್ ಇಲ್ಲ. ವಾದ್ಯ ತಂದವರು ವೃತ್ತದೊಳಗೆ ನಿಂತರೆ ಮುಗಿಯಿತು.

ನಾವು ನುಡಿಸುವುದು ಬ್ಲೂಗ್ರಾಸ್ ಎಂಬ, ತಂತಿವಾದ್ಯಗಳ ಅಮೆರಿಕನ್ ಸಂಗೀತ. ಆಫ್ರಿಕಾದಿಂದ ಗುಲಾಮರನ್ನಾಗಿ ಕರೆತರಲಾದವರ ವಾದ್ಯಪರಂಪರೆಯಿಂದ ಬ್ಯಾಂಜೊ ಬಂತು, ಯುರೋಪಿನ ವಲಸಿಗರೊಡನೆ ಪಿಟೀಲು ಬಂತು, ಇವೆರಡೂ ಈ ಸೀಮೆಯಲ್ಲಿ ಬಹಳ ಕಾಲ ಒಟ್ಟಿಗೆ ಬಾಳಿದವು. ಆದರೆ ಬ್ಲೂಗ್ರಾಸ್ ಎಂಬ ಹೆಸರು ಬಂದದ್ದು ಕೆಂಟಕಿಯ ಬಿಲ್ ಮನ್ರೋ ಅವರ ‘ಬ್ಲೂ ಗ್ರಾಸ್ ಬಾಯ್ಸ್’ ತಂಡದಿಂದ. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನಿಂದ ಬ್ಯಾಂಜೊ ಮೀಟುವ ಶೈಲಿಯೊಂದಿಗೆ ಆ ತಂಡ ಸೇರಿದ ಮೇಲೆ ಈ ಸಂಗೀತಕ್ಕೆ ಇಂದಿನ ಓಟ ಬಂತು.

ಈಗ ಈ ಬ್ಯಾಂಜೊವನ್ನು ಹತ್ತಿರದಿಂದ ನೋಡಿ. ಐದು ತಂತಿ, ಆದರೆ ಐದನೆಯದು ಗಿಡ್ಡ. ಅದರ ಬಿರಡೆ ಕುತ್ತಿಗೆಯ ಮಧ್ಯದಲ್ಲೇ ಇದೆ. ಹೆಬ್ಬೆರಳು ಮತ್ತೆ ಮತ್ತೆ ಆ ತಂತಿಗೆ ಮರಳುತ್ತದೆ. ತಂಬೂರಿಯ ಮಗ್ಗುಲಲ್ಲಿ ಕುಳಿತು ಪಾಠ ಕಲಿತ ನನ್ನ ಕಿವಿ ಮೊದಲ ದಿನ ಹಿಡಿದುಕೊಂಡದ್ದು ಆ ಒಂದು ಸ್ವರವನ್ನೇ. ಈ ಬ್ಯಾಂಜೊ ಯಾರದು ಎಂದರೆ, ಎಂಟು ತಿಂಗಳ ಕಾಲ ನನಗೆ ಅವರ ಹೆಸರೇ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಇಂದಿಗೂ ಅವರು ‘ಬ್ಯಾಂಜೊ ಅಜ್ಜ’.

ಮೈಸೂರಿನಲ್ಲಿ ಹತ್ತು ವರ್ಷ ಪಿಟೀಲು ಕಲಿತವರಿಗೆ ಇದೇನು ಮಹಾ ಎಂದುಕೊಂಡು ಬಂದಿದ್ದೆ. ಮೊದಲ ಸಂಜೆಯೇ ಜಂಬ ಇಳಿಯಿತು. ಇವರ ತಂತಿಗಳ ಶ್ರುತಿ ಜಿ-ಡಿ-ಎ-ಇ, ನನ್ನದು ಸ-ಪ-ಸ-ಪ. ಇವರು ನಿಂತು ನುಡಿಸುತ್ತಾರೆ, ನನಗೆ ಚಕ್ಕಳಮಕ್ಕಳ ಹಾಕಿ ಕುಳಿತು, ಪಿಟೀಲಿನ ತಲೆಯನ್ನು ಪಾದಕ್ಕೆ ಊರದಿದ್ದರೆ ಕೈಯೇ ಓಡುವುದಿಲ್ಲ. ಬೇರೆ ದಾರಿ ಕಾಣದೆ ಫುಟ್‌ಪಾತಿನ ಮೇಲೆಯೇ ಕುಳಿತೆ. ಸುತ್ತ ಬೂಟುಗಳು. ಯಾರೂ ನಗಲಿಲ್ಲ. ಅಜ್ಜ ಬ್ಯಾಂಜೊ ಕೆಳಗಿಟ್ಟು ತಮ್ಮ ಟ್ರಕ್ಕಿಗೆ ಹೋಗಿ, ಹಳೆಯ ಕಂಬಳಿಯೊಂದನ್ನು ತಂದು, ಒಂದು ಮಾತೂ ಆಡದೆ ಹಾಸಿಕೊಟ್ಟರು.

ವೃತ್ತದ ನಡಾವಳಿ ಯಾವ ಫಲಕದ ಮೇಲೂ ಬರೆದಿಲ್ಲ. ಹಾಡು ಎತ್ತಿಕೊಂಡವರು ಶ್ರುತಿ ಹೇಳುತ್ತಾರೆ. ಅವರು ಹಾಡುವಾಗ ಉಳಿದವರು ದನಿ ತಗ್ಗಿಸಬೇಕು. ಡ್ರಮ್ ಇಲ್ಲ, ತಾಳದ ಪೆಟ್ಟುಗಳ ನಡುವೆ ಛಕ್ ಛಕ್ ಎಂದು ಕತ್ತರಿಸುವ ಮ್ಯಾಂಡೊಲಿನ್ನೇ ಆ ಕೆಲಸ ಮಾಡುತ್ತದೆ. ಸಾಲು ಮುಗಿದಾಗ ಹಾಡುಗಾರ ಯಾರ ಕಡೆಗಾದರೂ ತಲೆಯಾಡಿಸಿದರೆ ಮುಂದಿನ ಸರದಿ ಅವರದು. ಅದಕ್ಕೆ ಬ್ರೇಕ್ ಎಂದು ಹೆಸರು. ಕಾಲೆತ್ತಿದರೆ ಹಾಡು ಮುಗಿಯಿತೆಂದು ಅರ್ಥ. ಬೇಡ ಎನಿಸಿದರೆ ತಲೆ ಅಲ್ಲಾಡಿಸಿ ಸರದಿಯನ್ನು ಪಕ್ಕದವರಿಗೆ ದಾಟಿಸಬಹುದು. ಮೂರು ವಾರ ನಾನು ದಾಟಿಸಿದ್ದೇ ದಾಟಿಸಿದ್ದು.

ನಾಲ್ಕನೆಯ ವಾರ ‘ಓಲ್ಡ್ ಜೋ ಕ್ಲಾರ್ಕ್’ ಎಂಬ ಹಳೆಯ ಧಾಟಿ ಬಂತು, ‘ಎ’ ಶ್ರುತಿಯಲ್ಲಿ. ಕೇಳುತ್ತ ಕೇಳುತ್ತ ಮೈ ಜುಮ್ಮೆಂದಿತು. ಇದರ ಸ್ವರಗಳೆಲ್ಲ ನಮ್ಮ ಹರಿಕಾಂಭೋಜಿ ರಾಗದವೇ! ಅಜ್ಜ ನನ್ನ ಕಡೆ ತಲೆಯಾಡಿಸಿದರು. ನುಡಿಸಿದೆ. ಅಭ್ಯಾಸಬಲದಿಂದ ನಿಷಾದಕ್ಕೆ ಒಂದು ಗಮಕವೂ, ಎಂದರೆ ಸ್ವರದ ಅಲುಗಾಟವೂ, ಬಿತ್ತು, ತಾಳ ಅರ್ಧ ಹೆಜ್ಜೆ ಜಾರಿತು. ಬೇಸ್ ಎಂಬ ದಪ್ಪ ದನಿಯ ದೊಡ್ಡ ತಂತಿವಾದ್ಯ ನುಡಿಸುತ್ತಿದ್ದವರು ಒಂದು ಪೆಟ್ಟನ್ನು ಒತ್ತಿ ನುಡಿಸಿ ನನ್ನನ್ನು ದಡ ಸೇರಿಸಿದರು. ಮುಗಿದ ಮೇಲೆ ಅಜ್ಜ ಕೇಳಿದ್ದು ಇಷ್ಟೇ: “ಆ ಅಲುಗಾಡಿಸಿದಿರಲ್ಲ, ಅದನ್ನು ಇನ್ನೊಮ್ಮೆ ನುಡಿಸಿ.”

ಬೇಸ್‌ನವರು ನರ್ಸ್. ಕೋಡುಬಳೆ ಎಂದರೆ ಪ್ರಾಣ. ಒಂದನ್ನು ವಾದ್ಯದ ಬಿರಡೆಗೆ ಸಿಕ್ಕಿಸಿಟ್ಟು, ಹಾಡು ಹಾಡಿನ ನಡುವೆ ಕಚ್ಚುತ್ತಾರೆ. ಇಲ್ಲಿ ನೋಡಿ, ಸಿಕ್ಕಿಸಿದ್ದಾರೆ. ರಾಜಕೀಯದಲ್ಲಿ ಅಜ್ಜನಿಗೂ ನನಗೂ ಎಣ್ಣೆ ಸೀಗೆಕಾಯಿ. ಅವರ ಟ್ರಕ್ಕಿನ ಸ್ಟಿಕ್ಕರ್ ಓದಿದರೆ ಸಾಕು. ಆ ಮಾತು ನಮ್ಮ ನಡುವೆ ಇದುವರೆಗೆ ಬಂದಿಲ್ಲ. ಬಂದಿದ್ದರೆ ಏನಾಗುತ್ತಿತ್ತೋ, ನಾನು ಅಷ್ಟು ದೊಡ್ಡ ಮನಸ್ಸಿನವಳೇನೂ ಅಲ್ಲ.

ಹೋದ ವರ್ಷ ಅಪ್ಪನಿಗೆ ಶಸ್ತ್ರಚಿಕಿತ್ಸೆಯಾದಾಗ ಮೈಸೂರಿಗೆ ಹೋಗಿದ್ದೆ. ಶನಿವಾರ ಬೆಳಗಿನ ಜಾವ ನಾಲ್ಕು ಗಂಟೆ, ಆಸ್ಪತ್ರೆಯ ಮೊಗಸಾಲೆಯ ಬೆಂಚು. ಫೋನ್ ಬಂತು. ನರ್ಸ್ ಮಾತಾಡಲಿಲ್ಲ, ಮೊಬೈಲನ್ನು ವೃತ್ತದ ನಡುವೆ ಹಿಡಿದಿದ್ದರು ಅಷ್ಟೇ. ಫ್ಲಾಯ್ಡ್‌ನಲ್ಲಿ ಆಗ ಶುಕ್ರವಾರ ಸಂಜೆ ಆರೂವರೆ. ಮೊದಲು ಕೇಳಿಸಿದ್ದು ಗಿಡ್ಡ ತಂತಿ. ಆಮೇಲೆ ಒಂದು ಸುತ್ತು ಯಾರೂ ಮುಂದೆ ಬರಲಿಲ್ಲ, ಬೇಸ್ ಮತ್ತು ಛಕ್ ಛಕ್ ಮಾತ್ರ ನಡೆದಿತ್ತು. ಅದು ನನ್ನ ಸರದಿ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಇವತ್ತು ತಡವಾಯಿತು, ಆಗಲೇ ಶುರುವಾಗಿದೆ. ಕಂಬಳಿ ಹಾಸಿದೆ. ಅದರ ನಟ್ಟನಡುವೆ ಯಾರದೋ ನಾಯಿ ಗೊರಕೆ ಹೊಡೆಯುತ್ತಿದೆ. ಎಬ್ಬಿಸಲು ಯಾರಿಗೂ ಮನಸ್ಸಿಲ್ಲ, ನನಗೂ ಇಲ್ಲ. ಅಂಚಿನಲ್ಲಿ ಒಂದಿಷ್ಟು ಜಾಗ ಇದೆ, ಸಾಕು. ಕ್ಯಾಮೆರಾ ಇಲ್ಲೇ ಡಬ್ಬಿಗೆ ಆನಿಸಿ ಇಡುತ್ತೇನೆ. ಅಜ್ಜ ಹೇಳುತ್ತಿದ್ದಾರೆ: “ಎ.”