ಗ್ಯಾಲಗಾ ಹೈ ಸ್ಕೋರ್ ಪೈಪೋಟಿ: ಜಾಸ್ತಿ ಹೊಡೆದವರಿಗಲ್ಲ, ಕಾದು ಹೊಡೆದವರಿಗೆ ಪಾಯಿಂಟ್

[ಪರದೆ: ಕಪ್ಪು ಹಿನ್ನೆಲೆ, ಸುರುಳಿ ಸುತ್ತುತ್ತಾ ಸಾಲಾಗಿ ಇಳಿಯುವ ಹುಳುಗಳು]

ನಮಸ್ಕಾರ. ಮೈಸೂರಿನ ನಮ್ಮ ಗೆಳೆಯರ ಗುಂಪಲ್ಲಿ ತಿಂಗಳಿಗೊಂದು ಹಳೇ ಆರ್ಕೇಡ್ ಗೇಮ್, ಅಂದರೆ ಅಂಗಡಿಯ ಮೆಷಿನ್‌ಗೆ ಕಾಸು ಹಾಕಿ ಆಡುತ್ತಿದ್ದ ಗೇಮ್, ಇಟ್ಟುಕೊಂಡು ಹೈ ಸ್ಕೋರ್ ಪೈಪೋಟಿ ನಡೆಸುತ್ತೇವೆ. ಕುವೆಂಪುನಗರದವರು, ಸರಸ್ವತಿಪುರದವರು, ಮಂಡ್ಯದಿಂದ ಒಂದಿಬ್ಬರು. ದೊಡ್ಡ ಬಹುಮಾನ ಏನಿಲ್ಲ. ಗೆದ್ದವರಿಗೆ ಉಳಿದವರು ಮಸಾಲೆ ದೋಸೆ ಕೊಡಿಸಬೇಕು, ಅಷ್ಟೇ. ಈ ತಿಂಗಳ ಗೇಮ್ ಗ್ಯಾಲಗಾ.

ಜಪಾನಿನ ನಾಮ್ಕೋ ಕಂಪನಿ 1981ರಲ್ಲಿ ತಂದ ಗೇಮ್ ಇದು. 1979ರ ಗ್ಯಾಲಕ್ಸಿಯನ್‌ನ ಮುಂದಿನ ಭಾಗ. ಪರದೆ ಕೆಳಗಿರೋ ನಿಮ್ಮ ಹಡಗಿನಿಂದ ಮೇಲಿನ ಹುಳುಗಳಿಗೆ ಗುಂಡು ಹೊಡೆಯಬೇಕು; ಒಂದು ಹಡಗು ಹೋದರೆ ಉಳಿದದ್ದರಲ್ಲಿ ಇನ್ನೊಂದು ಬರುತ್ತದೆ. ಸ್ಟಿಕ್ ಎಡಕ್ಕೆ, ಬಲಕ್ಕೆ ಮಾತ್ರ ಹೋಗುತ್ತದೆ. ಗುಂಡು ಹೊಡೆಯೋಕೆ ಒಂದೇ ಬಟನ್. ಹಾಗಾಗಿ ಎಲ್ಲರೂ ಒಂದೇ ಥರ ಶುರು ಮಾಡುತ್ತಾರೆ: ಬಟನ್ ಮುರಿದುಹೋಗೋ ಹಾಗೆ ಒತ್ತುತ್ತಾರೆ.

ಅಲ್ಲೇ ಆಟ ಕೆಡೋದು.

[ಪರದೆ: ನಿಧಾನಗತಿಯಲ್ಲಿ ಎರಡು ಗುಂಡು ಮೇಲೆ ಹೋಗುವ ದೃಶ್ಯ]

ಇಲ್ಲಿ ನೋಡಿ. ನಿಮ್ಮ ಒಂದು ಹಡಗಿನಿಂದ ಹೊರಟ ಗುಂಡು ಪರದೆ ಮೇಲೆ ಒಂದು ಸಲಕ್ಕೆ ಎರಡೇ ಇರೋಕೆ ಸಾಧ್ಯ. ಎರಡೂ ಗುರಿ ತಪ್ಪಿದರೆ, ಅವು ಪರದೆ ತುದಿ ಮುಟ್ಟಿ ಮಾಯ ಆಗೋ ತನಕ ನೀವು ಸುಮ್ನೆ ನಿಂತಿರಬೇಕು. ಅಷ್ಟರಲ್ಲಿ ಒಂದು ಹುಳು ತಲೆ ಮೇಲೆ ಬಂದಿರುತ್ತದೆ. ಹತ್ತಿರದಲ್ಲಿರೋದಕ್ಕೆ ಹೊಡೆದರೆ ಗುಂಡು ಬೇಗ ತಾಗುತ್ತದೆ, ಇನ್ನೊಂದು ಗುಂಡು ತಕ್ಷಣ ಸಿಗುತ್ತದೆ. ಆಟ ಮುಗಿದ ಮೇಲೆ ಈ ಮೆಷಿನ್ ಎಷ್ಟು ಗುಂಡು ಹಾರಿಸಿದಿರಿ, ಎಷ್ಟು ತಾಗಿದವು, ಶೇಕಡಾ ಎಷ್ಟು ಅಂತ ಲೆಕ್ಕವನ್ನೂ ಮುಖಕ್ಕೆ ಹಿಡಿಯುತ್ತದೆ. ಮೊದಮೊದಲು ಆ ಶೇಕಡಾ ನೋಡಿದರೆ ಸ್ವಲ್ಪ ಅವಮಾನವೇ ಆಗುತ್ತೆ.

ಈಗ ಪಾಯಿಂಟ್ ವಿಷಯ. ಒಂದು ಮಾಮೂಲಿ ಸ್ಟೇಜಲ್ಲಿ 40 ಶತ್ರುಗಳು. 20 ಜೇನು, 16 ಚಿಟ್ಟೆ, 4 ಬಾಸ್, ಅಂದರೆ ಹುಳುಗಳ ನಾಯಕರು. ಸಾಲಲ್ಲಿ ನಿಂತ ಜೇನಿಗೆ 50 ಪಾಯಿಂಟ್, ಚಿಟ್ಟೆಗೆ 80, ಬಾಸ್‌ಗೆ 150. ಎಲ್ಲರನ್ನೂ ನಿಂತಲ್ಲೇ ಹೊಡೆದರೆ ಒಟ್ಟು 2,880. ಜೇನು, ಚಿಟ್ಟೆ ಹಾರಾಡುವಾಗ ಹೊಡೆದರೆ ಪಾಯಿಂಟ್ ಎರಡರಷ್ಟು. ಬಾಸ್ ಒಂಟಿಯಾಗಿ ಕೆಳಗಿಳಿಯುವಾಗ 400. ಜೊತೆಗೊಂದು ಚಿಟ್ಟೆ ಇದ್ದರೆ 800. ಎರಡು ಚಿಟ್ಟೆ ಕರಕೊಂಡು ಬಂದರೆ 1,600.

ಒಂದು ಬಾಸ್‌ಗೆ 1,600. ಸಾಲಲ್ಲಿರೋ ಹದಿನಾರೂ ಚಿಟ್ಟೆ ಹೊಡೆದರೂ ಬರೋದು 1,280 ಮಾತ್ರ. ಹಾಗಾದರೆ ಏನು ಮಾಡಬೇಕು? ಮೊದಲು ಜೇನು ಖಾಲಿ ಮಾಡಿ. ಚಿಟ್ಟೆಗಳನ್ನು ಉಳಿಸಿಕೊಳ್ಳಿ, ಅವಿಲ್ಲದಿದ್ದರೆ ಬಾಸ್ ಒಂಟಿಯಾಗೇ ಇಳಿಯುತ್ತಾನೆ. ಬಾಸ್‌ಗೆ ಎರಡು ಏಟು ಬೇಕು ಅನ್ನೋದು ನೆನಪಿರಲಿ. ಮೊದಲ ಏಟಿಗೆ ಹಸಿರು ಬಣ್ಣ ಬದಲಾಗುತ್ತದೆ, ಎರಡನೇ ಏಟಿಗೆ ಸಾಯುತ್ತಾನೆ. ಹಾಗಾಗಿ ಮೇಲೆ ನಿಂತಿರುವಾಗಲೇ ಒಂದು ಏಟು ಕೊಟ್ಟಿಟ್ಟುಕೊಂಡು, ಜೋಡಿ ಚಿಟ್ಟೆ ಜೊತೆ ಇಳಿಯೋದನ್ನ ಕಾಯೋದು ಒಳ್ಳೇ ಉಪಾಯ.

[ಪರದೆ: ಬಾಸ್ ನಡುವೆ ನಿಂತು ನೀಲಿ ಕಿರಣ ಬಿಡುವ ದೃಶ್ಯ]

ಈ ಗೇಮಿನ ಅಸಲಿ ಮಜಾ ಇರೋದು ಇಲ್ಲಿ. ಬಾಸ್ ಅರ್ಧಕ್ಕೆ ಇಳಿದು ನಿಂತು ಬೀಸಣಿಗೆ ಥರ ಒಂದು ಕಿರಣ ಬಿಡುತ್ತಾನೆ. ಅದರೊಳಗೆ ಸಿಕ್ಕಿದರೆ ನಿಮ್ಮ ಹಡಗು ಗಿರಗಿರ ತಿರುಗುತ್ತಾ ಮೇಲೆ ಹೋಗಿ, ಕೆಂಪಾಗಿ, ಅವನ ಬಳಿ ಸೆರೆಯಾಗುತ್ತದೆ. ಹೊಸಬರು ಇದನ್ನು ಕಂಡರೆ ಓಡುತ್ತಾರೆ. ಪಳಗಿದವರು ಬೇಕೂಂತಲೇ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಯಾಕೆಂದರೆ ಅದೇ ಬಾಸ್ ಸೆರೆ ಹಡಗಿನ ಜೊತೆ ಕೆಳಗಿಳಿಯುವಾಗ ಅವನನ್ನು ಹೊಡೆದರೆ ಹಡಗು ವಾಪಸ್ ಬಂದು ನಿಮ್ಮ ಪಕ್ಕ ಅಂಟಿಕೊಳ್ಳುತ್ತದೆ. ಅಲ್ಲಿಂದ ಜೋಡಿ ಹಡಗು, ಜೋಡಿ ಗುಂಡು.

ಆತುರಪಟ್ಟರೆ ಮಾತ್ರ ಕೆಲಸ ಕೆಟ್ಟಿತು. ಬಾಸ್ ಸಾಲಲ್ಲಿ ನಿಂತಿರುವಾಗ ಹೊಡೆದರೆ ಸೆರೆ ಹಡಗು ನಿಮ್ಮ ಕೈಗೆ ಸಿಗೋದಿಲ್ಲ, ನಿಮ್ಮ ಮೇಲೇ ತಿರುಗಿ ಬೀಳುತ್ತದೆ. ಕೈತಪ್ಪಿ ಸೆರೆ ಹಡಗಿಗೇ ಗುಂಡು ತಾಗಿದರೆ ಅದು ಹೋಯಿತು. ಇನ್ನು ಕೊನೇ ಹಡಗನ್ನು ಸೆರೆಗೆ ಕೊಟ್ಟರಂತೂ ಆಟವೇ ಮುಗೀತು. ಅದಕ್ಕೇ ನಾನು ಹೇಳೋದು, ಈ ವ್ಯಾಪಾರ ಮೊದಲ ಎರಡು ಸ್ಟೇಜಲ್ಲೇ ಮುಗಿಸಿಕೊಳ್ಳಿ. ಆಗ ಶತ್ರುಗಳೂ ನಿಧಾನ, ಕೈಯಲ್ಲಿ ಹಡಗೂ ಇರುತ್ತವೆ.

ಇನ್ನೂ ಒಂದು ಕಾರಣ ಇದೆ. ಮೂರನೇ ಸ್ಟೇಜ್ ಚಾಲೆಂಜಿಂಗ್ ಸ್ಟೇಜ್. ಆಮೇಲೆ 7, 11, ಹೀಗೆ ನಾಲ್ಕಕ್ಕೊಂದು. ಇಲ್ಲಿ ಯಾರೂ ನಿಮಗೆ ಹೊಡೆಯೋದಿಲ್ಲ. 40 ಹುಳು ಗುಂಪು ಗುಂಪಾಗಿ ಹಾರಿ ಹೋಗುತ್ತವೆ, ಸಿಕ್ಕಷ್ಟು ನಿಮ್ಮದು. ಕೊನೆಯಲ್ಲಿ ಒಂದೊಂದಕ್ಕೂ 100ರಂತೆ ಬೋನಸ್. 39 ಹೊಡೆದರೆ 3,900. ನಲವತ್ತೂ ಹೊಡೆದರೆ? 4,000 ಅಲ್ಲ, 10,000. ಒಂದೇ ಒಂದು ಹುಳು ತಪ್ಪಿದ್ದಕ್ಕೆ ಬೋನಸ್ಸಲ್ಲೇ 6,100 ಖೋತಾ! ಜೋಡಿ ಹಡಗಿದ್ದರೆ ಪರ್ಫೆಕ್ಟ್ ಮಾಡೋದು ಎಷ್ಟೋ ಸಲೀಸು. ಹುಳುಗಳು ಬರೋ ದಾರಿ ಪ್ರತಿ ಸಲ ಅದೇ ಇರುತ್ತದೆ, ಬಾಯಿಪಾಠ ಮಾಡಿಕೊಳ್ಳಬಹುದು.

[ಪರದೆ: ಮೇಮ್‌ನ ಡಿಪ್ ಸ್ವಿಚ್ ಮೆನು]

ಸರಿ, ಪೈಪೋಟಿ ನಿಯಮಕ್ಕೆ ಬರೋಣ. ಸ್ಕೋರ್ ಅನ್ನೋದು ಎಲ್ಲರೂ ಒಂದೇ ಮೆಷಿನ್ ಆಡಿದರೆ ಮಾತ್ರ ಸ್ಕೋರ್, ಅಲ್ವಾ? ಹಳೇ ಮೆಷಿನ್ ಒಳಗಿನ ಬೋರ್ಡಲ್ಲಿ ಡಿಪ್ ಸ್ವಿಚ್ ಅಂತ ಸಣ್ಣ ಸ್ವಿಚ್‌ಗಳು ಇರುತ್ತಿದ್ದವು. ಎಷ್ಟು ಹಡಗು, ಎಷ್ಟು ಕಷ್ಟ, ಎಷ್ಟು ಪಾಯಿಂಟ್‌ಗೆ ಹೆಚ್ಚುವರಿ ಹಡಗು, ಎಲ್ಲ ಅಂಗಡಿಯವನ ಇಷ್ಟ. ಹಳೇ ಆರ್ಕೇಡ್ ಗೇಮನ್ನು ಕಂಪ್ಯೂಟರಲ್ಲಿ ಆಡಿಸೋ ಮೇಮ್ ಎಮ್ಯುಲೇಟರಲ್ಲೂ ಇವು ಹಾಗೇ ಇವೆ. ನಾವು ಫ್ಯಾಕ್ಟರಿ ಸೆಟ್ಟಿಂಗ್ ಬಿಟ್ಟು ಏನೂ ಒಪ್ಪೋದಿಲ್ಲ: 3 ಹಡಗು, 20,000ಕ್ಕೆ ಒಂದು ಹೆಚ್ಚುವರಿ, 70,000ಕ್ಕೆ ಇನ್ನೊಂದು, ಮುಂದೆ ಪ್ರತಿ 70,000ಕ್ಕೆ. ಗುಂಡು ಬೇಗ ಹೋಗೋ ಹಾಗೆ ತಿದ್ದಿದ ಗ್ಯಾಲಗಾ ಫೈಲ್‌ಗಳೂ ಓಡಾಡುತ್ತಿವೆ, ಅದು ಬೇಡ. ಟಿವಿಗೆ ಸಿಕ್ಕಿಸುತ್ತಿದ್ದ ಹಳೇ ಕ್ಯಾಸೆಟ್ಟಲ್ಲಿ ಆಡಿ ಫೋಟೋ ಕಳಿಸುವವರಿದ್ದಾರೆ. ನೆನಪಿಗೆ ಚೆನ್ನ, ಆದರೆ ಅದು ಮನೆಗೆಂದು ಮಾಡಿದ ಬೇರೆ ಆವೃತ್ತಿ. ಪಟ್ಟಿಗೆ ಸೇರೋದಿಲ್ಲ.

ಫೋಟೋ ಸಾಕಾ? ಸಾಲದು. ಮೇಮ್‌ನಲ್ಲಿ ರೆಕಾರ್ಡ್ ಸೌಲಭ್ಯ ಇದೆ. ಅದು ವಿಡಿಯೋ ಉಳಿಸೋದಲ್ಲ. ಯಾವ ಕ್ಷಣದಲ್ಲಿ ಸ್ಟಿಕ್ ಯಾವ ಕಡೆ ಇತ್ತು, ಬಟನ್ ಒತ್ತಿದ್ದಿರಾ ಇಲ್ಲವಾ, ಇಷ್ಟನ್ನೇ ಬರೆದಿಡುತ್ತದೆ. ಅದೇ ಫೈಲನ್ನು ನಾನು ನನ್ನ ಕಂಪ್ಯೂಟರಲ್ಲಿ ಹಾಕಿದರೆ ಗೇಮ್ ಮೊದಲಿನಿಂದ ನಿಮ್ಮ ಕೈಯಲ್ಲಿ ಆಡಿದ ಹಾಗೇ ಮತ್ತೆ ನಡೆಯುತ್ತದೆ. ಫೈಲೂ ಚಿಕ್ಕದು, ವಾಟ್ಸಾಪಲ್ಲೇ ಕಳಿಸಬಹುದು. ಆದರೆ ಇಬ್ಬರ ಹತ್ತಿರವೂ ಒಂದೇ ಮೇಮ್ ಆವೃತ್ತಿ ಇರಬೇಕು, ಇಲ್ಲಾಂದರೆ ನಿಮ್ಮ ಹಡಗು ಖಾಲಿ ಜಾಗಕ್ಕೆ ಗುಂಡು ಹೊಡೆಯುತ್ತಾ ಹುಚ್ಚನ ಹಾಗೆ ಓಡಾಡುತ್ತಿರುತ್ತದೆ.

ಒಂದು ಹಳೇ ಕಳ್ಳದಾರಿಯನ್ನೂ ಹೇಳಿಬಿಡುತ್ತೇನೆ. ಮೊದಲ ಸ್ಟೇಜಲ್ಲಿ ಎಡಗಡೆ ಮೂಲೆಯ ಎರಡು ಜೇನು ಮಾತ್ರ ಉಳಿಸಿ, ಹೊಡೆಯದೆ ಸುಮಾರು ಕಾಲು ಗಂಟೆ ತಪ್ಪಿಸಿಕೊಂಡಿದ್ದರೆ ಶತ್ರುಗಳು ಗುಂಡು ಹಾರಿಸೋದನ್ನೇ ನಿಲ್ಲಿಸುತ್ತಾರೆ. ಮುಂದಿನ ಸ್ಟೇಜಲ್ಲೂ ಹಾರಿಸೋದಿಲ್ಲ. ಪ್ರೋಗ್ರಾಮಲ್ಲಿ ಉಳಿದುಹೋದ ತಪ್ಪು ಅದು. ಒಮ್ಮೆ ಮಾಡಿ ನೋಡಿ, ತಮಾಷೆಯಾಗಿದೆ. ಪೈಪೋಟಿಗೆ ಬೇಡ.

ಕೊನೇ ನಿಯಮಕ್ಕೆ ಗುಂಪಲ್ಲಿ ಜಗಳವೇ ಆಯಿತು. ಆಟ ಎಲ್ಲಿಗೆ ನಿಲ್ಲಬೇಕು? ಚೆನ್ನಾಗಿ ಆಡುವವರು ಗಂಟೆಗಟ್ಟಲೆ ಎಳೆಯಬಲ್ಲರು. ಆಫೀಸು, ಮಕ್ಕಳು ಅಂತ ಇರುವವರು ಎಲ್ಲಿಗೆ ಹೋಗಬೇಕು? ಪುರುಸೊತ್ತು ಇದ್ದವರೇ ಗೆಲ್ಲೋ ಪೈಪೋಟಿ ನನಗಂತೂ ಇಷ್ಟವಿಲ್ಲ. ಜಪಾನಿನಲ್ಲಿ ಹಡ್ಸನ್ ಕಂಪನಿ 1985ರಲ್ಲಿ ಸ್ಟಾರ್ ಫೋರ್ಸ್ ಗೇಮ್ ಹಿಡಿದು ಊರೂರು ಸುತ್ತಿ ಶೂಟಿಂಗ್ ಸ್ಪರ್ಧೆ ನಡೆಸಿದಾಗ ಗಡಿಯಾರವನ್ನೇ ಮಿತಿಯಾಗಿ ಇಟ್ಟಿತ್ತು. ನಾವು ಗಡಿಯಾರದ ಬದಲು ಸ್ಟೇಜ್ ಇಟ್ಟೆವು. 11ನೇ ಸ್ಟೇಜ್ ಮುಗಿದ ಕ್ಷಣ ಸ್ಕೋರ್ ಎಷ್ಟಿದೆಯೋ ಅಷ್ಟು.

ಇದರಿಂದ ಆಟದ ರೀತಿಯೇ ಬದಲಾಯಿತು. ಎಲ್ಲರಿಗೂ ಸಿಗೋದು ಅವೇ ಎಂಟು ಮಾಮೂಲಿ ಸ್ಟೇಜ್, ಮೂರು ಚಾಲೆಂಜಿಂಗ್ ಸ್ಟೇಜ್. ಹುಳುಗಳ ಲೆಕ್ಕವೂ ಒಂದೇ. ಸುಮ್ನೆ ಬದುಕಿ ಉಳಿದರೆ ಸಾಲದು, ಪ್ರತಿ ಬಾಸ್‌ನಿಂದ 150 ತೆಗೀತೀರೋ 1,600 ತೆಗೀತೀರೋ ಅನ್ನೋದೇ ಪ್ರಶ್ನೆ. ಕಳೆದ ವಾರ ನಮ್ಮ ಪಟ್ಟಿಯ ತುದಿಗೆ ಏರಿದವರು ಸರಸ್ವತಿಪುರದ ಒಬ್ಬ ನಿವೃತ್ತ ಮೇಡಂ. ಅವರ ರೆಕಾರ್ಡಿಂಗ್ ನೋಡಿದರೆ ಅರ್ಧ ಹೊತ್ತು ಗುಂಡೇ ಹಾರಿಸೋದಿಲ್ಲ.

ಈ ತಿಂಗಳ ಕೊನೇ ಭಾನುವಾರ ರಾತ್ರಿ 9 ಗಂಟೆವರೆಗೆ ಸ್ಕೋರ್ ಕಳಿಸಬಹುದು. ಫೈಲ್ ಜೊತೆ ಮೇಮ್ ಆವೃತ್ತಿಯ ನಂಬರ್ ಬರೆಯೋದು ಮರೀಬೇಡಿ.