ಓರ್ವಿಯೆತ್ತೊ: ಕಣ್ಣೆತ್ತರದ ಕೆತ್ತನೆಗಳು

ಕೇಳುಗರಿಗೆ ನಮಸ್ಕಾರ.

ರೋಮ್‌ನಿಂದ ಉತ್ತರಕ್ಕೆ ಹೊರಟ ರೈಲು ಒಂದು ಗಂಟೆ ದಾಟುವಷ್ಟರಲ್ಲಿ, ಬಯಲಿನ ನಡುವೆ ಗೋಡೆಯ ಹಾಗೆ ನೆಟ್ಟಗೆ ನಿಂತ ಬಂಡೆಯೊಂದು ಕಾಣಿಸುತ್ತದೆ. ಅದರ ನೆತ್ತಿಯ ಮೇಲೊಂದು ಊರು. ಅದೇ ಉಂಬ್ರಿಯಾ ಪ್ರಾಂತ್ಯದ ಓರ್ವಿಯೆತ್ತೊ. ಸ್ಟೇಷನ್ನಿನಿಂದ ಹಗ್ಗದ ರೈಲು ಕೆಲವೇ ನಿಮಿಷಗಳಲ್ಲಿ ಮೇಲಕ್ಕೆ ತಲುಪಿಸುತ್ತದೆ.

ಈ ಬಂಡೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ಮೆದು ಕಲ್ಲು, ಅಗೆಯುವುದು ಸುಲಭ. ರೋಮನ್ನರಿಗೂ ಮೊದಲು ಇಲ್ಲಿದ್ದ ಎಟ್ರುಸ್ಕನ್ನರು ಇದರೊಳಗೆ ಬಾವಿ ತೋಡಿದರು, ಗುಹೆ ಕೊರೆದರು. ಕ್ರಿ.ಪೂ. 264ರಲ್ಲಿ ರೋಮ್ ಅವರ ಊರನ್ನು ಹಾಳುಗೆಡವಿತು. ಮಧ್ಯಯುಗದಲ್ಲಿ ಅದೇ ಬಂಡೆಯ ಮೇಲೆ ಕ್ರೈಸ್ತರ ಮಹಾದೇಗುಲ ಎದ್ದಿತು. 1290ರಲ್ಲಿ ಪೋಪ್ ನಾಲ್ಕನೇ ನಿಕೋಲಸ್ ಅದಕ್ಕೆ ಅಡಿಗಲ್ಲಿಟ್ಟರು.

ಪಕ್ಕದ ಗೋಡೆಗಳಲ್ಲಿ ಒಂದು ಸಾಲು ಕಪ್ಪು ಕಲ್ಲು, ಒಂದು ಸಾಲು ಬಿಳಿ ಕಲ್ಲು. ಮುಂಭಾಗದಲ್ಲಿ ಮಾತ್ರ ಚಿನ್ನದ ಹೊಳಪಿನ ಮೊಸಾಯಿಕ್ ಚಿತ್ರಗಳು. ಬಂದವರೆಲ್ಲ ಕತ್ತೆತ್ತಿ ಅವನ್ನೇ ನೋಡುತ್ತಾರೆ. ಆದರೆ ಆ ಚಿತ್ರಗಳಲ್ಲಿ ಬಹುಪಾಲನ್ನು ಮುಂದಿನ ಶತಮಾನಗಳಲ್ಲಿ ಮತ್ತೆ ಮತ್ತೆ ಹೊಸದಾಗಿ ಮಾಡಿದ್ದಾರೆ. ನನ್ನ ಮಾತು ಕೇಳುವುದಾದರೆ, ಮೊದಲು ಕಣ್ಣನ್ನು ಕೆಳಗಿಳಿಸಿ. ಬಾಗಿಲುಗಳ ಅಕ್ಕಪಕ್ಕದ ನಾಲ್ಕು ಅಮೃತಶಿಲೆಯ ಕಂಬಗಳ ಮೇಲೆ ಹದಿನಾಲ್ಕನೇ ಶತಮಾನದ ಉಬ್ಬುಶಿಲ್ಪಗಳಿವೆ. 1310ರಲ್ಲಿ ಇಲ್ಲಿನ ಮುಖ್ಯ ಶಿಲ್ಪಿಯಾದ ಸಿಯೆನಾದ ಲೊರೆಂಜೊ ಮೈತಾನಿ ಮತ್ತು ಅವನ ಸಂಗಡಿಗರ ಕೆಲಸವಿದು.

ಎಡಗಡೆಯ ಮೊದಲ ಕಂಬದಲ್ಲಿ ಬೈಬಲ್ಲಿನ ಸೃಷ್ಟಿಯ ಕಥೆ. ಮೊದಲ ಮನುಷ್ಯ ಆದಾಮ ಒರಗಿ ನಿದ್ದೆ ಹೋಗಿದ್ದಾನೆ. ದೇವರು ಅವನ ಮೇಲೆ ಬಾಗಿ, ಮೊದಲ ಹೆಣ್ಣು ಹವ್ವಳನ್ನು ರೂಪಿಸಲು ಪಕ್ಕೆಯೊಳಗೆ ಕೈಯಿಟ್ಟು ಎಲುಬನ್ನು ತೆಗೆಯುತ್ತಿದ್ದಾನೆ. ಆ ಬಾಗುವಿಕೆಯಲ್ಲಿರುವ ಜೋಪಾನ ನೋಡಬೇಕು! ಮಲಗಿದವನಿಗೆ ಎಚ್ಚರವಾಗಬಾರದು ಎನ್ನುವಂತಿದೆ. ಬಲಗಡೆಯ ಕೊನೆಯ ಕಂಬದಲ್ಲಿ ಅಂತಿಮ ತೀರ್ಪು, ಅಂದರೆ ಲೋಕದ ಕೊನೆಯಲ್ಲಿ ದೇವರು ಎಲ್ಲರ ಪಾಪಪುಣ್ಯ ತೂಗುವ ದಿನ. ಸತ್ತವರು ಗೋರಿಯ ಮುಚ್ಚಳ ಸರಿಸಿ ಏಳುತ್ತಿದ್ದಾರೆ, ಪಾಪಿಗಳನ್ನು ಪಿಶಾಚಿಗಳು ಎಳೆದೊಯ್ಯುತ್ತಿವೆ. ಬಾಯಿಬಿಟ್ಟು ಅಳುವ ಆ ಮುಖಗಳು ನಮ್ಮ ಮುಖದೆದುರೇ ಇವೆ. ಓದು ಬಾರದವನಿಗೂ ಕಥೆ ಮುಟ್ಟಲಿ ಎಂದೇ ಇಷ್ಟು ಕೆಳಗೆ ಕೆತ್ತಿದರೆಂದು ನನಗನ್ನಿಸುತ್ತದೆ.

ಇದನ್ನು ನೋಡಿದ ಮೇಲೆಯೇ ಒಳಗಿನ ಸಾನ್ ಬ್ರಿಜಿಯೊ ಪ್ರಾರ್ಥನಾಲಯಕ್ಕೆ ಹೋಗಿ. ಅಲ್ಲಿಯೂ ಅದೇ ಅಂತಿಮ ತೀರ್ಪು, ಈ ಬಾರಿ ಬಣ್ಣಗಳಲ್ಲಿ. 1447ರಲ್ಲಿ ಫ್ರಾ ಆಂಜೆಲಿಕೊ ಚಾವಣಿಯಲ್ಲಿ ಆರಂಭಿಸಿ ಅರ್ಧಕ್ಕೆ ಬಿಟ್ಟುಹೋದ ಚಿತ್ರಗಳನ್ನು 1499ರಲ್ಲಿ ಲೂಕಾ ಸಿನ್ಯೊರೆಲ್ಲಿ ಕೈಗೆತ್ತಿಕೊಂಡ. ಅವನ ಗೋಡೆಯಲ್ಲಿ ಸತ್ತವರು ನೆಲದಿಂದ ಕೈಯೂರಿ ಮೇಲೇಳುತ್ತಾರೆ. ಕೆಲವರಿಗೆ ಇನ್ನೂ ಮಾಂಸವೇ ಬಂದಿಲ್ಲ, ಬರೀ ಎಲುಬು. ಇನ್ನೊಂದು ಗೋಡೆಯ ಎಡ ಮೂಲೆಯಲ್ಲಿ ಕಪ್ಪು ಉಡುಪಿನವನೊಬ್ಬ ನಿಂತಿದ್ದಾನೆ, ಅವನೇ ಸಿನ್ಯೊರೆಲ್ಲಿ. ಪಕ್ಕದಲ್ಲಿರುವ ಸನ್ಯಾಸಿ ಫ್ರಾ ಆಂಜೆಲಿಕೊ. ಆ ಹೊತ್ತಿಗೆ ಆಂಜೆಲಿಕೊ ತೀರಿಕೊಂಡು ನಲವತ್ತು ವರ್ಷಗಳ ಮೇಲಾಗಿತ್ತು. ಕೆಲಸ ಶುರುಮಾಡಿದವನನ್ನು ಮುಗಿಸಿದವನು ತನ್ನ ಜೊತೆಗೇ ನಿಲ್ಲಿಸಿಕೊಂಡಿದ್ದಾನೆ.