ಇರಿಗಾದ ರೈಲು ನಿಲ್ದಾಣದಿಂದ ಬಂದ ಸೂಪರ್‌ಸ್ಟಾರ್: ನೋರಾ ಔನೋರ್

ಎಲ್ಲರಿಗೂ ನಮಸ್ಕಾರ. ಇಂದಿನ ವ್ಲಾಗ್ ಫಿಲಿಪ್ಪೀನ್ಸ್‌ನ ನಟಿ ನೋರಾ ಔನೋರ್ ಅವರ ಕುರಿತದ್ದು. ಆ ದೇಶದಲ್ಲಿ ಸೂಪರ್‌ಸ್ಟಾರ್ ಎಂದಷ್ಟೇ ಹೇಳಿದರೆ ಸಾಕು, ಯಾರ ಮಾತು ನಡೆಯುತ್ತಿದೆ ಎಂಬುದು ಜನರಿಗೆ ತಿಳಿಯುತ್ತದೆ. 2025ರ ಏಪ್ರಿಲ್ 16ರಂದು, ತಮ್ಮ 71ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸಕಲ ಸರ್ಕಾರಿ ಗೌರವಗಳೊಂದಿಗೆ ಅವರನ್ನು ದೇಶದ ವೀರರಿಗೆ ಮೀಸಲಾದ ರುದ್ರಭೂಮಿಯಲ್ಲಿ ಸಮಾಧಿ ಮಾಡಲಾಯಿತು. ಹಾಡುಗಾರ್ತಿಯಾಗಿ ಹೆಸರು ಮಾಡಿದ ಈ ಕಲಾವಿದೆ ಮಾತೇ ಇಲ್ಲದ ದೃಶ್ಯಗಳಲ್ಲಿ ಹೇಗೆ ಅಷ್ಟು ದೊಡ್ಡ ನಟಿಯಾಗಿ ಬೆಳೆದರು ಎಂಬುದು ಅವರ ಚಿತ್ರಗಳನ್ನು ನೋಡುವಾಗಲೆಲ್ಲ ನನ್ನನ್ನು ಸೆಳೆದಿರುವ ಸಂಗತಿ.

ಅವರು ಹುಟ್ಟಿದ್ದು 1953ರ ಮೇ 21ರಂದು, ಬೀಕೋಲ್ ಪ್ರದೇಶದ ಇರಿಗಾ ಎಂಬ ಊರಿನಲ್ಲಿ. ಹೆತ್ತವರು ಇಟ್ಟ ಹೆಸರು ನೋರಾ ಕಬಾಲ್ತೇರಾ ವಿಲ್ಲಮಾಯೋರ್. ಮನೆಯಲ್ಲಿ ಕಡುಬಡತನವಿದ್ದುದರಿಂದ ಬಾಲ್ಯದಲ್ಲಿ ಅವರು ಇರಿಗಾದ ರೈಲು ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಕುಡಿಯುವ ನೀರು ಮಾರುತ್ತಿದ್ದರು. ಔನೋರ್ ಎಂಬುದು ಅವರನ್ನು ಪೋಷಿಸಿದ ಚಿಕ್ಕಮ್ಮನ ಮನೆತನದ ಹೆಸರು. 1967ರಲ್ಲಿ, ಹದಿಹರೆಯದ ಆರಂಭದಲ್ಲಿದ್ದ ನೋರಾ, ತವಾಗ್ ನಂಗ್ ತಂಘಾಲನ್ ಎಂಬ ರಾಷ್ಟ್ರಮಟ್ಟದ ಗಾಯನ ಸ್ಪರ್ಧೆಯಲ್ಲಿ ಗೆದ್ದರು. ಬೆನ್ನಲ್ಲೇ ಸಂಪಗೀತಾ ಪಿಕ್ಚರ್ಸ್ ಅವರನ್ನು ಚಿತ್ರರಂಗಕ್ಕೆ ಕರೆತಂದಿತು.

ಆ ಕಾಲದ ಫಿಲಿಪಿನೋ ಚಿತ್ರಗಳ ನಾಯಕಿಯರು ಹೆಚ್ಚಾಗಿ ಎತ್ತರದ ನಿಲುವಿನ, ಬಿಳಿ ಮೈಬಣ್ಣದ, ಯುರೋಪಿಯನ್ ಛಾಯೆಯ ಮುಖದವರು. ಮೂರು ಶತಮಾನಕ್ಕೂ ಹೆಚ್ಚು ಕಾಲ ಸ್ಪೇನ್ ಆಳಿ, ಅನಂತರ ಅಮೆರಿಕ ಆಳಿದ ನಾಡಿನಲ್ಲಿ ಸೌಂದರ್ಯದ ಅಳತೆಗೋಲೂ ಆಳಿದವರದೇ ಆಗಿತ್ತು. ಗಿಡ್ಡ ನಿಲುವಿನ, ಕಂದು ಮೈಬಣ್ಣದ, ದೊಡ್ಡ ಕಣ್ಣುಗಳ ನೋರಾ ಆ ಅಳತೆಗೆ ಎಲ್ಲಿಯೂ ಹೊಂದುತ್ತಿರಲಿಲ್ಲ. ಆದರೆ ಮನೆಗೆಲಸದ ಹೆಣ್ಣುಮಕ್ಕಳು, ಕಾರ್ಖಾನೆಯ ಕೆಲಸಗಾರರು, ಹಳ್ಳಿಯ ತಾಯಂದಿರು ಮೊದಲ ಬಾರಿಗೆ ತಮ್ಮಂತೆಯೇ ಕಾಣುವ ನಾಯಕಿಯನ್ನು ತೆರೆಯ ಮೇಲೆ ಕಂಡರು. ನೋರಾನಿಯನ್‌ಗಳು ಎಂದು ತಮ್ಮನ್ನು ಕರೆದುಕೊಂಡ ಆ ಅಭಿಮಾನಿಗಳ ಪ್ರೀತಿ ಎಂತಹದೆಂದರೆ, ಜೊತೆನಟ ತಿರ್ಸೋ ಕ್ರೂಸ್ ಅವರು ನೋರಾಗೆ ಕೊಟ್ಟ ಒಂದು ಬೊಂಬೆಯನ್ನೂ ಅವರು ಆ ಜೋಡಿಯ ಮಗುವೆಂದೇ ಮುದ್ದಿಸಿದರು.

ಹಾಡು, ಕುಣಿತ, ಹದಿಹರೆಯದ ಪ್ರೇಮಗಳ ಆ ಚಿತ್ರಗಳಲ್ಲೇ ಅವರು ಆಯುಷ್ಯ ಕಳೆಯಬಹುದಿತ್ತು. ಆದರೆ ಅವರು ಎನ್‌ವಿ ಪ್ರೊಡಕ್ಷನ್ಸ್ ಎಂಬ ಸ್ವಂತ ಸಂಸ್ಥೆ ಕಟ್ಟಿ, ಜನಪ್ರಿಯತೆಯಿಂದ ಗಳಿಸಿದ ಹಣವನ್ನು ಯಾರೂ ಸುಲಭವಾಗಿ ಕೈಹಾಕದಂತಹ ಕಥೆಗಳ ಮೇಲೆ ಹೂಡಿದರು. 1976ರಲ್ಲಿ ಮಾರಿಯೋ ಓಹಾರಾ ನಿರ್ದೇಶಿಸಿದ, "ದೇವರಿಲ್ಲದ ಮೂರು ವರ್ಷಗಳು" ಎಂಬ ಅರ್ಥದ ಶೀರ್ಷಿಕೆಯ ಚಿತ್ರ ಹೀಗೆ ಹುಟ್ಟಿತು. ಜಪಾನೀ ಸೈನ್ಯ ಫಿಲಿಪ್ಪೀನ್ಸನ್ನು ಆಕ್ರಮಿಸಿಕೊಂಡಿದ್ದ ಕಾಲದ ಹಳ್ಳಿಯೊಂದರ ಶಿಕ್ಷಕಿ ರೊಸಾರಿಯೋ, ತನ್ನ ಮೇಲೆ ಅತ್ಯಾಚಾರ ಎಸಗಿದ ಸೈನ್ಯಾಧಿಕಾರಿಯನ್ನೇ ಮುಂದೆ ಮದುವೆಯಾಗಬೇಕಾಗಿ ಬಂದು, ಯುದ್ಧ ಮುಗಿಯುವ ಹೊತ್ತಿಗೆ ಸ್ವಂತ ಊರಿನವರ ಕಣ್ಣಿನಲ್ಲೇ ದ್ರೋಹಿಯಾಗುತ್ತಾಳೆ. ಶತ್ರು ಮತ್ತು ಬಲಿಪಶು ಎಂಬ ಸರಳ ಗೆರೆಯನ್ನು ಅಳಿಸಿಹಾಕುವ ಇಂತಹ ಚಿತ್ರವನ್ನು, ಅಧ್ಯಕ್ಷ ಮಾರ್ಕೋಸ್ ಅವರ ಸೈನಿಕ ಆಡಳಿತದ ದಿನಗಳಲ್ಲಿ, ಇಪ್ಪತ್ತಮೂರರ ಹರೆಯದ ತಾರೆಯೊಬ್ಬರು ನಿರ್ಮಿಸಿದ್ದು ನನಗೆ ಇಂದಿಗೂ ಅಚ್ಚರಿ ಹುಟ್ಟಿಸುತ್ತದೆ. ಈ ಪಾತ್ರಕ್ಕೆ ಅವರು ವಿಮರ್ಶಕರ ಗಾವದ್ ಉರಿಯಾನ್ ಪ್ರಶಸ್ತಿ ಪಡೆದರು.

1980ರ "ಬೋನಾ" ಚಿತ್ರದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ನೀವು ಅನುಮತಿಸಬೇಕು. ಲೀನೋ ಬ್ರೋಕಾ ನಿರ್ದೇಶಿಸಿ, ನೋರಾ ಅವರೇ ನಿರ್ಮಿಸಿದ ಈ ಚಿತ್ರದಲ್ಲಿ ಅವರು ಅಭಿಮಾನಿಯ ಪಾತ್ರ ಮಾಡಿದ್ದಾರೆ. ಬೋನಾ ಎಂಬ ಹುಡುಗಿ ಸಣ್ಣಪುಟ್ಟ ವೇಷಗಳಲ್ಲಿ ಬಂದುಹೋಗುವ ಗಾರ್ದೋ ಎಂಬ ನಟನಿಗಾಗಿ ಮನೆ ಬಿಟ್ಟು, ಅವನ ಕೊಳೆಗೇರಿಯ ಗುಡಿಸಲಿಗೆ ಬಂದು, ನೀರು ಹೊತ್ತು ತಂದು, ಕಾಯಿಸಿ, ಅವನ ಸ್ನಾನಕ್ಕೆ ಅಣಿಮಾಡಿಕೊಡುತ್ತಾಳೆ. ಅವನು ಬೇರೆ ಹೆಂಗಸರನ್ನು ಕರೆತಂದಾಗಲೂ ಆಕೆ ಹೆಚ್ಚೇನೂ ಮಾತನಾಡುವುದಿಲ್ಲ. ಆದರೆ ನೋರಾ ಅವರ ಮುಖದಲ್ಲಿ ಭಕ್ತಿ ಒಂದೊಂದೇ ಪದರವಾಗಿ ಕಳಚುತ್ತಾ, ಅದರಡಿಯಿಂದ ಕೋಪ ಮೇಲೇಳುವುದನ್ನು ನಾವು ನೋಡುತ್ತೇವೆ. ಕೊನೆಗೆ ಅದೇ ಕುದಿಯುವ ನೀರು ಏನಾಗುತ್ತದೆ ಎಂಬುದನ್ನು ಚಿತ್ರದಲ್ಲೇ ನೋಡಬೇಕು. ಲಕ್ಷಾಂತರ ಅಭಿಮಾನಿಗಳಿದ್ದ ತಾರೆಯೊಬ್ಬರು ಅಭಿಮಾನದ ಒಳಗಿರುವ ನೋವನ್ನೂ ಗುಲಾಮಗಿರಿಯನ್ನೂ ಇಷ್ಟು ನಿಷ್ಠುರವಾಗಿ ತೋರಿಸಿದ ಇನ್ನೊಂದು ಉದಾಹರಣೆ ನನಗೆ ನೆನಪಾಗುತ್ತಿಲ್ಲ. ಪುನರುಜ್ಜೀವನಗೊಂಡ ಇದರ ಪ್ರತಿ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

ಅವರ ಅತ್ಯಂತ ಪ್ರಸಿದ್ಧ ಚಿತ್ರ, ಇಶ್ಮಾಯೆಲ್ ಬೆರ್ನಾಲ್ ಅವರ "ಹಿಮಾಲಾ" (ಅಂದರೆ ಪವಾಡ), 1982ರದು. ಬರಗಾಲದಿಂದ ಬೆಂದ ಹಳ್ಳಿಯಲ್ಲಿ ಎಲ್ಸಾ ಎಂಬ ಹುಡುಗಿ, ಗ್ರಹಣದ ಹೊತ್ತಿನಲ್ಲಿ ತನಗೆ ಮೇರಿ ಮಾತೆ ಕಾಣಿಸಿಕೊಂಡಳೆಂದು ಹೇಳುತ್ತಾಳೆ. ಆಕೆಯ ಕೈಯಿಂದ ರೋಗ ವಾಸಿಯಾಗುತ್ತದೆಂಬ ನಂಬಿಕೆಯ ಹಿಂದೆ ವ್ಯಾಪಾರ, ಹಿಂಸೆ, ಸಾವುಗಳು ಸಾಲಾಗಿ ಬರುತ್ತವೆ. ದಿಬ್ಬದ ಮೇಲೆ ನಿಂತ ಎಲ್ಸಾ, ಸಾವಿರಾರು ಜನರ ಮುಂದೆ, ಪವಾಡ ಎಂಬುದು ಇಲ್ಲವೆಂದು ಸಾರುವ ದೃಶ್ಯ ಫಿಲಿಪ್ಪೀನ್ಸ್‌ನಲ್ಲಿ ಎಲ್ಲರ ಬಾಯಲ್ಲೂ ಇದೆ. ಆ ಮಾತು ನಮ್ಮನ್ನು ತಟ್ಟುವುದಕ್ಕೆ ಕಾರಣ, ಅದುವರೆಗೆ ಎಲ್ಸಾ ತಾನು ಸಂತಳೋ ಸುಳ್ಳುಗಾತಿಯೋ ಎಂಬುದರ ಸುಳಿವನ್ನೇ ಬಿಟ್ಟುಕೊಡದಂತೆ ನೋರಾ ಆ ಪಾತ್ರವನ್ನು ಕಾಯ್ದುಕೊಂಡು ಬಂದಿರುವುದು ಎಂದು ನಾನು ನಂಬಿದ್ದೇನೆ.

1995ರಲ್ಲಿ, ಸಿಂಗಾಪುರದಲ್ಲಿ ಗಲ್ಲಿಗೇರಿದ ಫಿಲಿಪಿನೋ ಮನೆಗೆಲಸದಾಕೆ ಫ್ಲೋರ್ ಕಾಂತೆಂಪ್ಲಸಿಯೋನ್ ಅವರ ಪಾತ್ರವನ್ನು, ದೇಶದ ಸಿಟ್ಟು ಇನ್ನೂ ಆರದಿದ್ದಾಗಲೇ, ಅವರು ನಿರ್ವಹಿಸಿದರು. ಅದಕ್ಕೆ ಕೈರೋ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಅನಂತರದ ವರ್ಷಗಳು ಕಷ್ಟದವು: ಅಮೆರಿಕದಲ್ಲಿ ದೀರ್ಘಕಾಲದ ವಾಸ, 2005ರಲ್ಲಿ ಮಾದಕವಸ್ತುವಿಗೆ ಸಂಬಂಧಿಸಿದ ಬಂಧನ, ಮುಂದೆ ಜಪಾನಿನಲ್ಲಿ ನಡೆದ ಶಸ್ತ್ರಚಿಕಿತ್ಸೆಯೊಂದರ ನಂತರ ಹಾಡುವ ಕಂಠವನ್ನೇ ಕಳೆದುಕೊಂಡದ್ದು.

ಅನ್ನಕೊಟ್ಟ ಕಂಠ ಹೋದ ಮೇಲೆ, 2012ರಲ್ಲಿ, ಬ್ರಿಲ್ಯಾಂಟೆ ಮೆಂಡೋಜಾ ಅವರ "ದೈ ವೂಂಬ್" ಚಿತ್ರದಲ್ಲಿ ನೋರಾ ಶಾಲೆಹಾ ಎಂಬ ಸೂಲಗಿತ್ತಿಯಾದರು. ತವಿ ತವಿ ದ್ವೀಪಗಳ ಬಜಾವು ಸಮುದಾಯದ ಈ ಹೆಂಗಸು ಊರವರ ಹೆರಿಗೆಗಳನ್ನು ಮಾಡಿಸುತ್ತಾಳೆ, ಆದರೆ ತಾನು ಹೆರಲಾರಳು. ಆದ್ದರಿಂದ ಗಂಡನಿಗೆ ಮಗುವಾಗಲೆಂದು ತಾನೇ ಅವನಿಗೆ ಇನ್ನೊಬ್ಬ ಹೆಂಡತಿಯನ್ನು ಹುಡುಕಲು ಹೊರಡುತ್ತಾಳೆ. ಮಾತು ಬಹಳ ಕಡಿಮೆ ಇರುವ ಈ ಪಾತ್ರಕ್ಕೆ ಏಷ್ಯನ್ ಫಿಲ್ಮ್ ಅವಾರ್ಡ್ಸ್‌ನ ಶ್ರೇಷ್ಠ ನಟಿ ಪ್ರಶಸ್ತಿ ಸಂದಿತು.

2014ರಲ್ಲಿ ಫಿಲಿಪ್ಪೀನ್ಸ್‌ನ ಅತ್ಯುನ್ನತ ಕಲಾ ಗೌರವವಾದ ರಾಷ್ಟ್ರೀಯ ಕಲಾವಿದೆ ಪದವಿಗೆ ಅವರ ಹೆಸರು ಶಿಫಾರಸಾಗಿದ್ದರೂ, ಆಗಿನ ಅಧ್ಯಕ್ಷ ಬೆನಿಗ್ನೋ ಅಕ್ವಿನೋ ಹಳೆಯ ಮಾದಕವಸ್ತು ಪ್ರಕರಣವನ್ನು ಮುಂದಿಟ್ಟು ಆ ಹೆಸರನ್ನು ಕೈಬಿಟ್ಟರು. ಅದು ಅನ್ಯಾಯವೆಂದು ನಾನು ನೇರವಾಗಿ ಹೇಳುತ್ತೇನೆ, ಏಕೆಂದರೆ ಆ ಗೌರವ ಅಳೆಯಬೇಕಾಗಿದ್ದುದು ನಾಲ್ಕು ದಶಕಗಳ ಅವರ ಕಲೆಯನ್ನು. 2022ರಲ್ಲಿ ಆ ಪದವಿ ಕೊನೆಗೂ ಅವರಿಗೆ ಸಂದಿತು, ಮತ್ತು ಅದನ್ನು ಪಡೆಯಲು ಅವರು ಬದುಕಿದ್ದರು.

ನೋರಾ ಅವರ ಚಿತ್ರಗಳನ್ನು ಇನ್ನೂ ನೋಡದವರು "ಹಿಮಾಲಾ"ಕ್ಕಿಂತ ಮೊದಲು "ಬೋನಾ" ನೋಡಬೇಕೆಂದು ನನ್ನ ಕೋರಿಕೆ. ಆ ಗುಡಿಸಲಿನ ಹುಡುಗಿಯನ್ನು ಅರಿತ ಮೇಲೆ, ದಿಬ್ಬದ ಮೇಲಿನ ಎಲ್ಸಾಳನ್ನು ಮುತ್ತುವ ಜನಜಂಗುಳಿ ನಮಗೆ ಬೇರೆಯೇ ಆಗಿ ಕಾಣುತ್ತದೆ.